ಮುಯ್ಯಿ ತೀರಿಸುವುದು ಯಾರಿಗೆ?

ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬುದು ನಮ್ಮಲ್ಲಿ ಯಾರೂ ಕಲಿಸದೆಯೇ ಕಲಿಯುವ ಪಾಠ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಸಕ್ಕರೆಗೂ ಗತಿಯಿಲ್ಲದ ದಿನ ನನ್ನ ಅವ್ವ ಪಾತ್ರೆಯಲ್ಲಿ ಎರಡು ಎಸಳು ಕರಿಬೇವು ಇಟ್ಟು ಕಳಿಸಿದ್ದನ್ನು ಕಂಡಿದ್ದೇನೆ. ಇದು ನಮ್ಮ ನಾಡಿನ ಹೆಂಗಸರ ಪದ್ಧತಿ ಎಂದೇ ಐವತ್ತಾರು ವರ್ಷ ನಂಬಿದ್ದೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಎದುರುಮನೆಯ ಅಜ್ಜಿಯ ಗಾಜಿನ ಪಾತ್ರೆಯನ್ನು ತೊಳೆದು ಒರೆಸುತ್ತಿದ್ದಾಗ, ಒಳಗಿನಿಂದ ಮಗಳ ಧ್ವನಿ ಬಂತು: "ಅವ್ವಾ, ಖಾಲಿ ಕೊಡಬ್ಯಾಡ. ಇಲ್ಲೂ ಹಂಗ ಕೊಡೂದಿಲ್ಲ."

ಪಾತ್ರೆಯನ್ನು ಮಗುಚಿ ನೋಡಿದೆ. ತಳದಲ್ಲಿ ಒಂದು ತುಂಡು ಅಂಟುಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ ಬರೆದ ಅಜ್ಜಿಯ ಹೆಸರು. ನನಗೆ ನಗು ಬಂತು. ನನ್ನ ಮದುವೆಯ ಸ್ಟೀಲ್ ಪಾತ್ರೆಗಳ ಮೇಲೂ ಹೀಗೆಯೇ ಹೆಸರು, ತಾರೀಖು ಕೊರೆಸಿದ್ದಾರೆ. ಹಾವೇರಿ ಜಿಲ್ಲೆಯ ಅಡುಗೆಮನೆಗೂ ಆ ಅಡುಗೆಮನೆಗೂ ನಡುವೆ ಏಳು ಸಮುದ್ರ ಇದ್ದರೂ, ಪಾತ್ರೆ ಹೊರಗೆ ಹೋಗಿ ತಿರುಗಿ ಬರಬೇಕೆಂಬ ಚಿಂತೆ ಒಂದೇ. ಊರಿನಿಂದ ಕಟ್ಟಿಕೊಂಡು ಹೋಗಿದ್ದ ಶೇಂಗಾ ಹೋಳಿಗೆಯಲ್ಲಿ ನಾಲ್ಕನ್ನು ಅದರಲ್ಲಿಟ್ಟು ರಸ್ತೆ ದಾಟಿದೆ.

ನಾನು ಅಲ್ಲಿಗೆ ಹೋದದ್ದು ಮಗಳ ಬಾಣಂತನಕ್ಕೆ. ಕೂಡಿಟ್ಟಿದ್ದ ಗಳಿಕೆ ರಜೆಯನ್ನೆಲ್ಲ ಬರೆದುಕೊಟ್ಟು, ದಸರಾ ರಜೆಯನ್ನೂ ಸೇರಿಸಿಕೊಂಡು ನವೆಂಬರ್ ಕೊನೆಯವರೆಗೆ ಇದ್ದೆ. ಮಗಳು ಅಲ್ಲಿಯ ಇಪ್ಪತ್ತೈದು ಹಾಸಿಗೆಯ ಆಸ್ಪತ್ರೆಯಲ್ಲಿ ವೈದ್ಯೆ. ಅಂಥ ಊರಿಗೆ ಅವಳು ಹೋದದ್ದೂ ಒಂದು ಕೊಡು-ಕೊಳ್ಳುವ ಲೆಕ್ಕದಿಂದಲೇ. ಒಂದು ಬಗೆಯ ವೀಸಾದ ಮೇಲೆ ಅಲ್ಲಿ ತರಬೇತಿ ಪಡೆದ ವಿದೇಶಿ ವೈದ್ಯರು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮವಿದೆ. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿದರೆ ವಿನಾಯಿತಿ ಸಿಗಬಹುದು. ಊರಿಗೆ ಡಾಕ್ಟರು ಬೇಕಿತ್ತು, ಇವಳಿಗೆ ಕಾಗದ ಬೇಕಿತ್ತು. ಆದರೂ ಎರಡು ವರ್ಷ ಕಳೆಯುವಷ್ಟರಲ್ಲಿ ಊರಿನವರು "ನಮ್ಮ ಡಾಕ್ಟರು" ಎನ್ನತೊಡಗಿದ್ದರು, ಇವಳೂ "ನಮ್ಮೂರು" ಎನ್ನತೊಡಗಿದ್ದಳು. ಲೆಕ್ಕದಿಂದ ಶುರುವಾದದ್ದು ಲೆಕ್ಕದಲ್ಲೇ ಮುಗಿಯಬೇಕೆಂದಿಲ್ಲ. ನಮ್ಮಲ್ಲಿ ಎಷ್ಟೋ ಮದುವೆಗಳೂ ಹಾಗೆಯೇ ಅಲ್ಲವೇ?

ಊರಿನ ಹೆಸರು ಬರೆಯುವುದಿಲ್ಲ. ಸಾವಿರದ ಇನ್ನೂರು ಜನರಿರುವ ಊರು. ಹೆಸರು ಬರೆದರೆ ಎಲ್ಲರ ಮನೆಬಾಗಿಲನ್ನೂ ತೋರಿಸಿಕೊಟ್ಟಂತೆ. ಒಂದು ಪೇಟೆಬೀದಿ, ನಾಲ್ಕು ಚರ್ಚು, ಊರಿನ ಹೆಸರು ಬರೆದ ನೀರಿನ ಟ್ಯಾಂಕು, ರೈಲುಹಳಿಯ ಪಕ್ಕದಲ್ಲಿ ಗೋಪುರದಷ್ಟು ಎತ್ತರದ ಕಾಳಿನ ಕಣಜ. ಊರು ಮುಗಿದ ಕೂಡಲೆ ಮೆಕ್ಕೆಜೋಳ, ಸೋಯಾ ಅವರೆ. ಮತ್ತೆ ಮೆಕ್ಕೆಜೋಳ, ಸೋಯಾ ಅವರೆ. ನಮ್ಮ ಕಡೆ ಗೋವಿನಜೋಳ ಎನ್ನುವ ಈ ಬೆಳೆ ನನಗೆ ಹೊಸದಲ್ಲ. ಸುಗ್ಗಿಯಲ್ಲಿ ಹೆದ್ದಾರಿಯ ಬದಿಗೆ ಹರವಿದ ಅದರ ರಾಶಿಗಳ ನಡುವೆಯೇ ನಾನು ಶಾಲೆಗೆ ಹೋಗಿ ಬರುವುದು. ಆದರೆ ದಿಗಂತದವರೆಗೆ ಒಂದೇ ಬೆಳೆ, ಹೊಲದಲ್ಲಿ ಒಬ್ಬರೂ ಮನುಷ್ಯರಿಲ್ಲ ಎಂಬ ನೋಟ ಮೊದಮೊದಲು ಹೆದರಿಕೆ ತರಿಸಿತು. ಆ ಜೋಳವನ್ನು ಜನ ನೇರವಾಗಿ ತಿನ್ನುವುದು ಬಹಳ ಕಡಿಮೆ. ಹೆಚ್ಚಿನ ಪಾಲು ಎಥನಾಲ್ ಇಂಧನಕ್ಕೆ, ಹಂದಿ-ದನಗಳ ಮೇವಿಗೆ. ಆ ರಾಜ್ಯದಲ್ಲಿ ಮನುಷ್ಯರು ಸುಮಾರು 32 ಲಕ್ಷ, ಹಂದಿಗಳು ಎರಡು ಕೋಟಿಗೂ ಹೆಚ್ಚು.

ನಮ್ಮ ಹಳ್ಳಿಯ ದಾರಿಗಳು ಹಳ್ಳ ತಿರುಗಿದ ಕಡೆ ತಿರುಗುತ್ತವೆ. ಅಲ್ಲಿಯ ದಾರಿಗಳು ಅಳತೆಪಟ್ಟಿ ಇಟ್ಟು ಗೀಚಿದಂತೆ ಮೈಲಿಗೊಂದರಂತೆ ನೇರ. ಇದು 1785ರ ಒಂದು ಕಾನೂನಿನ ಫಲ. ಭೂಮಿಯನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ, ಅಂದರೆ 640 ಎಕರೆಯ ಚೌಕಗಳಾಗಿ ಅಳೆದು, 36 ಚೌಕಕ್ಕೆ ಒಂದು ಹೋಬಳಿಯಂತೆ ಮಾಡಿದರು. ಅಳೆಯುವ ಮುಂಚೆ ಅಲ್ಲಿ ಬಾಳಿದ್ದ ಮೂಲನಿವಾಸಿಗಳನ್ನು ಆಚೆ ದೂಡಿದ್ದರು ಎಂಬುದನ್ನೂ ಹೇಳಲೇಬೇಕು. ಆದರೆ ಆ ಕಾನೂನಿನ ಒಂದು ಮಾತು ಮಾಸ್ತರಿಕೆ ಮಾಡುವ ನನ್ನ ಮನಸ್ಸಿಗೆ ನಾಟಿತು: ಪ್ರತಿ ಹೋಬಳಿಯ 16ನೇ ಚೌಕ ಶಾಲೆಗಾಗಿ ಮೀಸಲು. ಇನ್ನೂ ಯಾರೂ ಬಂದು ಮನೆ ಕಟ್ಟಿಲ್ಲ, ಮಗು ಹುಟ್ಟಿಲ್ಲ. ಹುಟ್ಟಲಿರುವ, ಹೆಸರಿಲ್ಲದ ಮಕ್ಕಳಿಗಾಗಿ ನೆಲ ಎತ್ತಿಟ್ಟಿದ್ದರು. ಈ ಮಾತಿಗೆ ಮತ್ತೆ ಬರುತ್ತೇನೆ.

ಊರಿನ ರೀತಿ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಎದುರು ಬರುವ ಗಾಡಿಯವರು ಗುರುತಿರಲಿ ಬಿಡಲಿ, ಸ್ಟಿಯರಿಂಗ್ ಮೇಲಿನ ಒಂದು ಬೆರಳನ್ನು ಎತ್ತಿ ನಮಸ್ಕಾರ ಹೇಳುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಅಗ್ನಿಶಾಮಕ ಠಾಣೆಯ ಸೈರನ್ ಕೂಗುತ್ತದೆ. ಅದೇ ಊಟದ ಗಂಟೆ. ಮೊದಲ ದಿನ ನಾನು ಬಾಗಿಲಿಗೆ ಕೀಲಿ ಹಾಕಲು ಹೋದಾಗ ಮಗಳು, "ಹಗಲೊತ್ತು ಕೀಲಿ ಹಾಕಿದ್ರ ಮಂದಿ ಬೇಜಾರ ಮಾಡ್ಕೋತಾರ ಅವ್ವಾ" ಎಂದಳು. ಹೆರಿಗೆಗೆ ಒಂದು ಗಂಟೆ ದಾರಿಯ ದೊಡ್ಡ ಊರಿಗೆ ಹೋಗಬೇಕಾಯಿತು. ಅಂಥ ಸಣ್ಣ ಆಸ್ಪತ್ರೆಗಳು ಅನೇಕವು ಹೆರಿಗೆ ವಿಭಾಗವನ್ನು ಮುಚ್ಚಿಬಿಟ್ಟಿವೆ. ಕೂಸಿನೊಂದಿಗೆ ಮರಳಿ ಬಂದ ದಿನದಿಂದ ಮೂರು ವಾರ ನಾನು ಒಲೆ ಹಚ್ಚಿದ್ದು ಬಾಣಂತಿಯ ಮೆಣಸಿನ ಸಾರಿಗೆ ಮಾತ್ರ. ಸಂಜೆ ಐದಕ್ಕೆ ಸರಿಯಾಗಿ ಒಬ್ಬೊಬ್ಬರ ಮನೆಯಿಂದ ಪಾತ್ರೆ ಬರುತ್ತಿತ್ತು. ನಾವು ಮಾಂಸ ತಿನ್ನುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾವ ದಿನ ಯಾರು ಎಂಬ ಪಟ್ಟಿ ಚರ್ಚಿನ ಗೋಡೆಯ ಮೇಲಿತ್ತು. ನಾವು ಆ ಚರ್ಚಿಗೆ ಸೇರಿದವರಲ್ಲ. ಅದನ್ನು ಯಾರೂ ಎಣಿಸಲಿಲ್ಲ.

ಅಕ್ಟೋಬರಿನಲ್ಲಿ ಕಂಡದ್ದು ಇನ್ನೂ ದೊಡ್ಡದು. ಊರಾಚೆಯ ಒಬ್ಬ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆತ ಹಾಸಿಗೆಯಲ್ಲಿದ್ದ. ನಾನೂರು ಎಕರೆ ಬೆಳೆ ಒಣಗಿ ನಿಂತಿತ್ತು. ಒಂದು ಶನಿವಾರ ಬೆಳಿಗ್ಗೆ ಸುತ್ತಲಿನ ರೈತರು ತಮ್ಮ ತಮ್ಮ ಕಟಾವು ಯಂತ್ರ ತಂದರು. ಎಣಿಸಿದೆ, ಹನ್ನೊಂದು. ತಮ್ಮ ಹೊಲದ ಸುಗ್ಗಿಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ಮಳೆ ಬಂದರೆ ನಷ್ಟ ಅವರಿಗೇ. ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಅಡುಗೆಗೆ ಸೇರಿದ್ದರು. ನಾನೂ ಹೋಗಿ ಒಂದು ಬುಟ್ಟಿ ಆಲೂಗಡ್ಡೆ ಸುಲಿದೆ. ಸಂಜೆಗೆ ಹೊಲ ಬಯಲಾಗಿತ್ತು. ಆ ರೈತನ ಹೆಂಡತಿ ಎಲ್ಲರ ಕೈಹಿಡಿದು ಏನೋ ಹೇಳಲು ಹೋಗಿ ಹೇಳಲಾರದೆ ನಿಂತಳು. ಅಜ್ಜಿ ನನ್ನ ಕಿವಿಯಲ್ಲಿ ಹೇಳಿದರು, "ಆತ ಇಪ್ಪತ್ತು ವರ್ಷ ಊರಿನವರ ದಾರಿಯ ಹಿಮ ತೆಗೆದುಕೊಟ್ಟಿದ್ದಾನೆ, ಒಂದು ಕಾಸು ಮುಟ್ಟಲಿಲ್ಲ."

ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಬಿತ್ತುವ ಕಾಲಕ್ಕೆ ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಎಂಬುದು ಮುಯ್ಯಾಳು. ಮದುವೆಯಲ್ಲಿ ಮಾಡುವ ಉಡುಗೊರೆಯೂ ಮುಯ್ಯಿ. ಯಾರು ಎಷ್ಟು ಮಾಡಿದರೆಂದು ಬರೆದಿಟ್ಟ ನೋಟುಬುಕ್ಕು ಪ್ರತಿ ಮನೆಯ ಟ್ರಂಕಿನಲ್ಲಿದೆ. ಅವರ ಮನೆಯ ಮದುವೆ ಬಂದಾಗ ತೆಗೆದು ನೋಡುತ್ತೇವೆ. ಇದನ್ನು ಸಣ್ಣತನ ಎನ್ನಬಾರದು. ಬ್ಯಾಂಕಿಲ್ಲದ, ವಿಮೆಯಿಲ್ಲದ ಕಾಲದಲ್ಲಿ ಬಡವರ ಮದುವೆ, ಸಾವು, ಬಾಣಂತನಗಳನ್ನು ಎತ್ತಿ ಹಿಡಿದದ್ದು ಈ ನೋಟುಬುಕ್ಕೇ. ಆದರೆ ಭಾಷೆ ಜಾಣ. ಮುಯ್ಯಿ ತೀರಿಸಿಕೊಂಡ ಎಂದರೆ ಸೇಡು ತೀರಿಸಿಕೊಂಡ ಎಂದೂ ಅರ್ಥ. ಉಪಕಾರಕ್ಕೂ ಸೇಡಿಗೂ ನಮ್ಮ ಹಿರಿಯರು ಒಂದೇ ಶಬ್ದ ಇಟ್ಟರು. ಎರಡರಲ್ಲೂ ಲೆಕ್ಕವಿದೆ, ನೆನಪಿದೆ. ಎರಡಕ್ಕೂ ಎದುರಿನವರ ಗುರುತು ಬೇಕು.

ಗುರುತಿನ ಊರಿಗೆ ಇನ್ನೊಂದು ಮುಖವಿದೆ ಎಂದು ಸಣ್ಣ ಊರಿನ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಯಾರ ಮನೆಯ ಮುಂದೆ ಯಾರ ಗಾಡಿ ಎಷ್ಟು ಹೊತ್ತು ನಿಂತಿತ್ತು ಎಂಬುದು ಅಲ್ಲಿಯೂ ಸುದ್ದಿಯೇ. ಅದಕ್ಕಿಂತ ಗಂಭೀರವಾದ ಮಾತನ್ನು ಅಜ್ಜಿಯೇ ಒಂದು ದಿನ ಹೇಳಿದರು. 1980ರ ದಶಕದಲ್ಲಿ ಅಲ್ಲಿಯ ರೈತರಿಗೆ ದೊಡ್ಡ ಸಂಕಟ ಬಂತು. ಬೆಲೆ ಏರುತ್ತಿದ್ದಾಗ ಸಾಲ ಮಾಡಿ ಭೂಮಿ ಕೊಂಡಿದ್ದರು. ಬಡ್ಡಿ ಏರಿತು, ಕಾಳಿನ ಬೆಲೆ ಇಳಿಯಿತು. 1981ರಿಂದ 1986ರ ಒಳಗೆ ಅಯೋವಾದಲ್ಲಿ ಭೂಮಿಯ ಬೆಲೆ ಮೂರರಲ್ಲಿ ಎರಡು ಪಾಲಿನಷ್ಟು ಕುಸಿಯಿತು. ಅಜ್ಜಿಯ ಮನೆಯವರೂ ಹೊಲ ಕಳೆದುಕೊಂಡರು. "ಗಂಡ ಸತ್ತಾಗ ಮನೆಯಲ್ಲಿ ಇಡಲು ಜಾಗವಿಲ್ಲದಷ್ಟು ಪಾತ್ರೆ ಬಂದವು. ಹರಾಜಿನ ದಿನ ಒಂದೂ ಬರಲಿಲ್ಲ" ಎಂದರು. "ಕೆಟ್ಟತನದಿಂದಲ್ಲ. ಏನು ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನೂ ಬೇರೆಯವರ ಹರಾಜಿನ ದಿನ ಒಯ್ದಿರಲಿಲ್ಲ."

ಮುಯ್ಯಿಗೆ ಎಲ್ಲೆ ಇದೆ ಎಂದು ಆಗ ಮೊದಲ ಸಲ ಹೊಳೆಯಿತು. ಕಾಯಿಲೆ, ಸಾವು, ಹೆರಿಗೆ ಇವು ಎಲ್ಲರ ಮನೆಗೂ ಬರುವಂಥವು. ಇಂದು ನಿನಗೆ, ನಾಳೆ ನನಗೆ. ನಾಚಿಕೆ ತರುವ ಕಷ್ಟ ಬಂದಾಗ ನೆರೆಯವರು ಕಾಲು ಹಿಂದೆಗೆಯುತ್ತಾರೆ. ತಿರುಗಿ ಕೊಡಲಾರದವನು ಮುಯ್ಯಿಯ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋಗುತ್ತಾನೆ.

ಎರಡನೆಯ ಎಲ್ಲೆಯನ್ನು ಕಂಡದ್ದು ನವೆಂಬರಿನಲ್ಲಿ. ಊರಿನ ದಕ್ಷಿಣದ ತುದಿಯಲ್ಲಿ, ಹಳಿಯ ಆಚೆ, ಸಾಗಿಸಿ ತಂದು ಕೂರಿಸಿದ ಉದ್ದನೆಯ ತಗಡಿನ ಮನೆಗಳ ಒಂದು ಸಾಲಿತ್ತು. ಅಲ್ಲಿದ್ದವರು ಪಕ್ಕದ ಊರಿನ ಹಂದಿಮಾಂಸದ ಕಾರ್ಖಾನೆಯಲ್ಲಿ ದುಡಿಯುವವರು. ಹೆಚ್ಚಿನವರು ಗ್ವಾಟೆಮಾಲಾ, ಮೆಕ್ಸಿಕೋಗಳಿಂದ ಬಂದವರು. ದಿನವಿಡೀ ಒಂದೇ ಬಗೆಯಾಗಿ ಚೂರಿ ಆಡಿಸಿ ಮಣಿಕಟ್ಟು ಸೆಟೆದು ಮಗಳ ಬಳಿ ಬರುತ್ತಿದ್ದರಂತೆ. ಒಂದು ರಾತ್ರಿ ಸೈರನ್ ಕೂಗಿತು. ಆ ಸಾಲಿನ ಒಂದು ಮನೆಗೆ ಬೆಂಕಿ. ಊರಿನ ಅಗ್ನಿಶಾಮಕ ದಳದವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು: ರೈತರು, ಅಂಗಡಿಯವರು, ಶಾಲೆಯ ಬಸ್ಸಿನ ಚಾಲಕ. ಹಾಸಿಗೆಯಿಂದ ಎದ್ದು ಓಡಿದರು. ಮನೆಯವರು ಉಳಿದರು, ಮನೆ ಉಳಿಯಲಿಲ್ಲ. ಆ ಕುಟುಂಬ ಪಕ್ಕದ ಮನೆಯೊಂದರಲ್ಲಿ ಹತ್ತು ಜನರ ಜೊತೆ ಸೇರಿಕೊಂಡಿತು.

ನಾನು ಚರ್ಚಿನ ಗೋಡೆಯ ಪಟ್ಟಿ ನೋಡಿದೆ. ಒಂದು ವಾರ ನೋಡಿದೆ. ರೈತನ ಮನೆಗೆ ಇನ್ನೂ ಪಾತ್ರೆ ಹೋಗುತ್ತಿದ್ದವು. ಬೆಂಕಿ ಬಿದ್ದ ಮನೆಯವರ ಹೆಸರು ಅಲ್ಲಿರಲಿಲ್ಲ. ಯಾರೂ ಬೇಡವೆಂದು ತೀರ್ಮಾನಿಸಿರಲಿಲ್ಲ. ಬರೆಯಲು ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೇಳಿಯೇಬಿಟ್ಟೆ, "ಆ ಮನೆಯವರಿಗೆ ಯಾರೂ ಏನೂ ಒಯ್ಯಲಿಲ್ಲವೇ?" ಅಜ್ಜಿ ತುಸು ಹೊತ್ತು ಸುಮ್ಮನಿದ್ದು, "ಅವರು ಬರುತ್ತಾರೆ, ಹೋಗುತ್ತಾರೆ. ಅವರವರೇ ಇರುತ್ತಾರೆ. ನಮ್ಮ ಭಾಷೆಯೂ ಬರುವುದಿಲ್ಲ" ಎಂದರು. "ನನಗೂ ನಿಮ್ಮ ಭಾಷೆ ನೆಟ್ಟಗೆ ಬರುವುದಿಲ್ಲ" ಎಂದೆ. "ನೀವು ಡಾಕ್ಟರ ತಾಯಿ" ಎಂದರು. ಆ ಉತ್ತರದಲ್ಲಿ ಎಲ್ಲವೂ ಇತ್ತು.

ಆಮೇಲೆ ಅವರೇ ಮಾತು ಮುಂದುವರಿಸಿದರು. ಅವರ ಅಜ್ಜಿಯ ಮನೆಮಾತು ಜರ್ಮನ್. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಮೇ ತಿಂಗಳಲ್ಲಿ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದ್ದರು. ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಜಾಗಗಳಲ್ಲಿ, ಟೆಲಿಫೋನಿನಲ್ಲಿ, ದೇವರ ಪ್ರಾರ್ಥನೆಯಲ್ಲಿ ಸಹ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು. "ನನ್ನ ಅಜ್ಜಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಚರ್ಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳಂತೆ" ಎಂದರು. ನಾನು ದಿನವೂ ಬೆಳಿಗ್ಗೆ ಅವರ ಎದುರಿನ ಜಗಲಿಯಲ್ಲೇ ನಿಂತು ಫೋನಿನಲ್ಲಿ ಎತ್ತರದ ದನಿಯಲ್ಲಿ ಕನ್ನಡ ಮಾತಾಡುತ್ತಿದ್ದೆ! ಅದೇ ರಾಜ್ಯ 1975ರಲ್ಲಿ ಗವರ್ನರ್ ರಾಬರ್ಟ್ ರೇ ಅವರ ಕಾಲದಲ್ಲಿ, ವಿಯೆಟ್ನಾಂ ಯುದ್ಧದಿಂದ ನೆಲೆ ತಪ್ಪಿದ ತಾಯ್ ಡಾಮ್ ಸಮುದಾಯವನ್ನು ಚದುರಗೊಡದೆ ಒಟ್ಟಾಗಿ ಬರಮಾಡಿಕೊಂಡಿತು. ಊರಿಗಾಗಲಿ ನಾಡಿಗಾಗಲಿ ಒಂದೇ ಗುಣ ಎಂಬುದಿಲ್ಲ.

ಕಪ್ಪು ತೊಳೆದಿಡುತ್ತಾ ಅಜ್ಜಿ ನನ್ನ ಕಡೆ ತಿರುಗಿ, ಯಾವ ಕೊಂಕೂ ಇಲ್ಲದೆ ಕೇಳಿದರು, "ನಿಮ್ಮ ಊರಿನಲ್ಲಿ ಇಂಥವರು ಬಂದರೆ ನೀವು ಏನು ಮಾಡುತ್ತೀರಿ?"

ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಮನೆಗೆ ಬಂದೆ. ಆ ರಾತ್ರಿ ಕೂಸು ಮಲಗಿತು, ನಾನು ಮಲಗಲಿಲ್ಲ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ದೇಶವೆಲ್ಲ ಬೀಗ ಹಾಕಿಕೊಂಡ ಮೊದಲ ದಿನವೂ ಅದೇ. ನಮ್ಮ ಓಣಿಯವರು ಅಂಥ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಆದದ್ದನ್ನು ನಾನೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಯಾರದೋ ಹೊಲದ ಕಾಯಿಪಲ್ಲೆ ಎಲ್ಲರ ಮನೆಗೂ ಬರುತ್ತಿತ್ತು. ಒಂಟಿಯಾಗಿದ್ದ ನಿವೃತ್ತ ಹೆಡ್‌ಮಾಸ್ತರಿಗೆ ಮನೆಗೊಂದು ಹೊತ್ತಿನಂತೆ ಊಟ ಒಯ್ಯುತ್ತಿದ್ದೆವು. ಹೀಗಿರುವಾಗ ಹಬ್ಬದ ಮೂರನೆಯ ದಿನ ಕತ್ತಲಾಗುವ ಹೊತ್ತಿಗೆ, ಹೆದ್ದಾರಿಯ ಕಡೆಯಿಂದ ನಡೆದುಕೊಂಡು ಗಂಡ, ಹೆಂಡತಿ, ಎರಡು ಮಕ್ಕಳು ನಮ್ಮ ಓಣಿಗೆ ಬಂದರು. ತಲೆಯ ಮೇಲೆ ಗಂಟು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ನಿಂತು ಉತ್ತರದ ಕಡೆ ಊರಿಗೆ ಹೊರಟವರು. ಯಾರದಾದರೂ ಕಟ್ಟೆಯ ಮೇಲೆ ಒಂದು ರಾತ್ರಿ ಮಲಗಲು ಕೇಳಿದರು. ಹಿರಿಯರು ದೂರದಿಂದಲೇ, "ಮುಂದ ಹೋಗ್ರಿ, ಇಲ್ಲಿ ಬ್ಯಾಡ" ಎಂದರು. ನಮ್ಮ ಕಟ್ಟೆ ದೊಡ್ಡದು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಒಂದು ಬಾಟಲಿ ನೀರು, ಒಂದು ಪೊಟ್ಟಣ ಬಿಸ್ಕತ್ತು ತಂದು ಗೇಟಿನ ಹೊರಗೆ ನೆಲದ ಮೇಲಿಟ್ಟು ಒಳಗೆ ಬಂದೆ. ಬೆಳಿಗ್ಗೆ ಅವರು ಇರಲಿಲ್ಲ.

ರೋಗದ ಹೆದರಿಕೆ ನಿಜವಾದದ್ದೇ; ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು. ಕಟ್ಟೆ ಕೊಡದೆ ಇದ್ದುದಕ್ಕೆ ಕಾರಣ ಹೇಳಬಲ್ಲೆ. ಆದರೆ ಇನ್ನೊಂದಕ್ಕೆ ಕಾರಣ ಹೇಳಲಾರೆ. ಗೇಟಿನ ಒಳಗೆ ನಿಂತೇ ಅವರ ಹೆಸರು ಕೇಳಬಹುದಿತ್ತು. ಯಾವೂರು, ಮಕ್ಕಳು ಎಷ್ಟನೆಯ ತರಗತಿ ಎಂದು ಕೇಳಬಹುದಿತ್ತು. ಮೂವತ್ತು ವರ್ಷದಿಂದ ಮಕ್ಕಳನ್ನು ಕಂಡರೆ ಮೊದಲು ಕೇಳುವುದೇ ಅದನ್ನು. ಅಂದು ಬಾಯಿಗೆ ಬರಲಿಲ್ಲ. ಯಾಕೆಂದು ಆ ರಾತ್ರಿ ಅಯೋವಾದಲ್ಲಿ ತಿಳಿಯಿತು. ಹೆಸರು ಕೇಳಿದ್ದರೆ ಅವರು ಗುರುತಿನವರಾಗುತ್ತಿದ್ದರು. ಗುರುತಾದ ಮೇಲೆ ಮುಂದೆ ಹೋಗಿ ಎನ್ನುವುದು ಕಷ್ಟ. ಶಾಲೆಯ ಕೋಣೆಯ ಕೀಲಿಯನ್ನಾದರೂ ತರಿಸಬೇಕಾಗುತ್ತಿತ್ತು, ನಾಲ್ಕು ಕಡೆ ಫೋನಾದರೂ ಮಾಡಬೇಕಾಗುತ್ತಿತ್ತು. ಅಷ್ಟು ಬೇಡವೆಂದೇ ನಾನು ಹೆಸರು ಕೇಳಲಿಲ್ಲ. ಗುರುತಿಲ್ಲದವರಿಗೆ ನಾವೇನು ಮಾಡಲಾದೀತು ಎನ್ನುತ್ತೇವೆ. ಎಷ್ಟೋ ಸಲ ಏನೂ ಮಾಡಬಾರದೆಂದೇ ಗುರುತು ಮಾಡಿಕೊಳ್ಳದೆ ಇರುತ್ತೇವೆ.

ಹಾಗಾದರೆ ಗುರುತಿಲ್ಲದವರಿಗೆ ನಾವು ಏನಾದರೂ ಬಾಕಿ ಇದ್ದೇವೆಯೇ? ಮುಯ್ಯಿಯ ನೋಟುಬುಕ್ಕಿನಲ್ಲಿ ಅವರ ಹೆಸರಿಲ್ಲ, ಅವರಿಂದ ನಾವು ಏನೂ ಪಡೆದಿಲ್ಲ ಎಂದು ತರ್ಕ ಹೂಡಬಹುದು. ನನ್ನ ಮಟ್ಟಿಗೆ ಆ ತರ್ಕ ನಿಲ್ಲುವುದಿಲ್ಲ. ಅದಕ್ಕೆ ಕಾರಣ ಅಲ್ಲಿಯ ಹೊಲಗಳಲ್ಲೇ ಇತ್ತು.

ನಾನು ಒಂದನೆಯ ತರಗತಿಗೆ ಸೇರಿದ್ದು 1972ರಲ್ಲಿ, ಬರದ ವರ್ಷ. ಮಧ್ಯಾಹ್ನ ಶಾಲೆಯ ಹಿಂದೆ ದೊಡ್ಡ ಬೋಗುಣಿಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಬೇಯುತ್ತಿತ್ತು. ನನ್ನ ವಯಸ್ಸಿನವರಿಗೆ ಆ ಹಳದಿ ಬಣ್ಣ, ಆ ವಾಸನೆ ಇಂದಿಗೂ ಮೂಗಿನಲ್ಲಿದೆ. ಮೆಕ್ಕೆಜೋಳ, ಸೋಯಾ, ಹಾಲಿನಪುಡಿ ಬೆರೆಸಿದ ಹಿಟ್ಟು. ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಅಮೆರಿಕದ ಜನರ ಕೊಡುಗೆ ಎಂಬ ಬರಹ. ಅದನ್ನು ಓದಲು ಆಗ ಬರುತ್ತಿರಲಿಲ್ಲ. ಅವ್ವ ಅಂಥ ಒಂದು ಖಾಲಿ ಚೀಲವನ್ನು ಹೊಲಿದು ನನಗೆ ಪಾಟಿಚೀಲ ಮಾಡಿಕೊಟ್ಟಿದ್ದಳು. ಐವತ್ತು ವರ್ಷದ ಮೇಲೆ ಅದೇ ಜೋಳ, ಅದೇ ಸೋಯಾ ಬೆಳೆಯುವ ಹೊಲದ ಅಂಚಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದೆ. ನಾನು ಉಂಡದ್ದು ಈ ರಾಜ್ಯದ್ದೋ ಪಕ್ಕದ ರಾಜ್ಯದ್ದೋ, ಬೆಳೆದವರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ನನಗೆ ಅವರದು.

ಆ ಕೊಡುಗೆ ಶುದ್ಧ ಧರ್ಮದ್ದಾಗಿತ್ತು ಎಂದು ನಾನು ಹೇಳಲಾರೆ. 1954ರಲ್ಲಿ ಪಿ.ಎಲ್. 480 ಎಂಬ ಕಾನೂನು ಬಂದದ್ದು ಅಲ್ಲಿ ಮಿಕ್ಕು ರಾಶಿಬಿದ್ದ ಧಾನ್ಯವನ್ನು ಸಾಗಹಾಕುವುದಕ್ಕೂ ಹೌದು. 1966ರಲ್ಲಿ ನಮ್ಮಲ್ಲಿ ಬರ ಬಿದ್ದಾಗ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಡುತ್ತಿದ್ದರು. ನಮ್ಮ ಸರ್ಕಾರದ ನೀತಿ ಬದಲಾಗಲಿ ಎಂಬ ಒತ್ತಡ ಅದರ ಹಿಂದಿತ್ತು. ಆ ಅವಮಾನವೂ ನಾವು ನಮ್ಮ ಅನ್ನ ಬೆಳೆದುಕೊಳ್ಳಬೇಕೆಂಬ ಹಟಕ್ಕೆ ಒಂದು ಕಾರಣವಾಯಿತು. ಅದೇ ವರ್ಷ ಭಾರತ 18,000 ಟನ್ ಮೆಕ್ಸಿಕೋದ ಗೋಧಿಬೀಜ ತರಿಸಿತು. ಆ ತಳಿಯನ್ನು ರೂಪಿಸಿದ ನಾರ್ಮನ್ ಬೋರ್ಲಾಗ್ 1914ರಲ್ಲಿ ಹುಟ್ಟಿದ್ದು ಅಯೋವಾದ ಕ್ರೆಸ್ಕೋ ಬಳಿಯ ಹೊಲಮನೆಯಲ್ಲಿ, ಅಕ್ಷರ ಕಲಿತದ್ದು ಒಂದೇ ಕೋಣೆಯ ಹಳ್ಳಿಶಾಲೆಯಲ್ಲಿ. ಈ ಎಲ್ಲದರಲ್ಲಿ ಉಪಕಾರ ಎಷ್ಟು, ಸ್ವಾರ್ಥ ಎಷ್ಟು ಎಂದು ದೊಡ್ಡವರು ತೂಗಲಿ. ಆರು ವರ್ಷದ ಹುಡುಗಿಯ ಹೊಟ್ಟೆ ಮಧ್ಯಾಹ್ನ ತುಂಬಿತು ಎಂಬುದೂ ತಕ್ಕಡಿಯಲ್ಲಿ ಇರಬೇಕು.

ಹೀಗೆ ಯೋಚಿಸುತ್ತಾ ಹೋದಂತೆ ಒಳ್ಳೆಯತನಕ್ಕೆ ಎರಡು ದಾರಿ ಕಂಡವು. ಒಂದು ಪಾತ್ರೆಯ ದಾರಿ. ಅದು ಬೆಚ್ಚಗಿರುತ್ತದೆ, ಉಪ್ಪು-ಖಾರ ತಿಳಿದಿರುತ್ತದೆ, ಬಾಣಂತಿಗೆ ಏನು ಹಿಡಿಸುತ್ತದೆ ಎಂದು ಕೇಳುತ್ತದೆ. ಆದರೆ ಗುರುತಿದ್ದಷ್ಟೇ ದೂರ ಹೋಗುತ್ತದೆ. ಇನ್ನೊಂದು ಸೈರನ್ನಿನ ದಾರಿ. ಯಾರ ಮನೆ ಎಂದು ಕೇಳುವ ಮೊದಲೇ ಓಡಬೇಕೆಂದು ಮುಂಚೆಯೇ ಮಾಡಿಟ್ಟ ಏರ್ಪಾಡು. ಶಾಲೆಗೆಂದು ಎತ್ತಿಟ್ಟ 16ನೆಯ ಚೌಕ, ಶಾಲೆಯ ಮಧ್ಯಾಹ್ನದ ಊಟ ಇವೂ ಆ ದಾರಿಯವೇ. ಅದರಲ್ಲಿ ಬಿಸಿಯಿಲ್ಲ, ಹಳದಿ ಉಪ್ಪಿಟ್ಟಿನಲ್ಲಿ ಅವ್ವನ ಕೈರುಚಿ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ಮುಟ್ಟುತ್ತದೆ. ಎರಡೂ ಬೇಕು. ಏರ್ಪಾಡು ಇದೆಯಲ್ಲ ಎಂದು ನೆರೆಯವರು ಕೈಬಿಟ್ಟರೆ, ಬೆಂಕಿ ಆರಿದ ಮೇಲೆ ಆ ಮನೆಯವರು ಯಾರಿಗೂ ಬೇಡವಾಗುತ್ತಾರೆ. ನೆರೆಯವರು ಇದ್ದಾರಲ್ಲ ಎಂದು ಏರ್ಪಾಡನ್ನು ಬಿಟ್ಟರೆ, ನೆರೆಯಿಲ್ಲದವರು ಸಾಯುತ್ತಾರೆ. ಈ ಎರಡು ದಾರಿಗಳು ಕೂಡುವ ಜಾಗ ತೀರ ಸಣ್ಣದು. ಯಾರಾದರೂ ಒಬ್ಬರು ಹೋಗಿ, ನಿಮ್ಮ ಹೆಸರೇನು ಎಂದು ಕೇಳಬೇಕು.

ಹೊರಡುವ ಮುಂಚೆ ನಾನೂ ಮಗಳೂ ಒಂದು ಡಬ್ಬಿ ತುಂಬ ಚಿತ್ರಾನ್ನ ಕಲಸಿಕೊಂಡು ಹಳಿಯ ಆಚೆಯ ಆ ಮನೆಗೆ ಹೋದೆವು. ಬಾಗಿಲು ತೆಗೆದ ಹೆಂಗಸು ಮೊದಲು ಹೆದರಿದಳು. ಮಗಳನ್ನು ಕಂಡು ಗುರುತು ಹಿಡಿದಳು. ಹೆಸರು ಕೇಳಿದೆವು, ಹೇಳಿದಳು. ನನ್ನ ಬಾಯಲ್ಲಿ ಅದು ತಪ್ಪಾಗಿ ಹೊರಟು, ಅವಳ ಮಗ ನಕ್ಕು ಎರಡು ಸಲ ತಿದ್ದಿದ. ಮೂರನೆಯ ದಿನ ಡಬ್ಬಿ ತಿರುಗಿ ಬಂತು, ಒಳಗೆ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನಂಥ ತಿನಿಸು. ಅದರಲ್ಲಿ ಮಾಂಸವಿತ್ತು, ನಮಗೆ ತಿನ್ನಲಾಗಲಿಲ್ಲ. ಹಾಗೆಂದು ಖಾಲಿ ಬಂದ ಹಾಗಾಗಲಿಲ್ಲ.

ಇದರಿಂದ ನಾನು 2020ರ ಸಾಲ ತೀರಿಸಿದೆ ಎಂದುಕೊಂಡಿಲ್ಲ. ಆ ನಾಲ್ವರು ಎಲ್ಲಿದ್ದಾರೋ, ಹೆಸರು ಕೇಳದ ಕಾರಣ ಹುಡುಕುವ ಹಾಗೂ ಇಲ್ಲ. ಊರಿಗೆ ಮರಳಿದ ಮುಂದಿನ ಜೂನ್‌ನಲ್ಲಿ ನಮ್ಮ ಶಾಲೆಯ ಹಿಂದೆ ರಸ್ತೆ ಅಗಲ ಮಾಡುವ ಕೆಲಸಕ್ಕೆ ಹೊರರಾಜ್ಯದಿಂದ ಬಂದವರು ತಗಡಿನ ಶೆಡ್ಡು ಹಾಕಿಕೊಂಡರು. ಬಿಸಿಯೂಟದ ಹೊತ್ತಿಗೆ ಅವರ ಮೂರು ಮಕ್ಕಳು ಕಂಪೌಂಡಿನ ಆಚೆ ನಿಲ್ಲುತ್ತಿದ್ದವು. ಹೋಗಿ ಹೆಸರು ಕೇಳಿದೆ. ಟಿ.ಸಿ. ಇಲ್ಲ, ಭಾಷೆ ಬರುವುದಿಲ್ಲ ಎಂದು ಮೊದಲು ಆಕ್ಷೇಪ ಬಂತು. ಕಾಗದವಿಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ ಎಂಬ 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತನ್ನು ತೋರಿಸಿದೆ. ಹಾಜರಿ ಪುಸ್ತಕದಲ್ಲಿ ಮೂರು ಹೆಸರು ಬರೆದೆವು. ಏಳು ತಿಂಗಳ ಮೇಲೆ ರಸ್ತೆಯ ಕೆಲಸ ಮುಂದೆ ಸಾಗಿತು, ಮಕ್ಕಳೂ ಹೋದವು. ದೊಡ್ಡ ಸಾಧನೆಯೇನಲ್ಲ. ಆದರೆ ಹೋಗುವಾಗ ಅವುಗಳ ಕೈಯಲ್ಲಿ ಟಿ.ಸಿ. ಇತ್ತು, ಅದರ ಮೇಲೆ ಹೆಸರಿತ್ತು.

ಅಯೋವಾದ ಅಜ್ಜಿಯ ಬಳಿ ನನ್ನ ಮದುವೆಯ ಒಂದು ಸ್ಟೀಲ್ ಡಬ್ಬಿ ಉಳಿದಿದೆ. ಅದರ ಮೇಲೆ ಕನ್ನಡದಲ್ಲಿ ನನ್ನ ಹೆಸರಿದೆ. ಮಗಳ ಮನೆಗೂ ಅವರ ಮನೆಗೂ ಅದು ಇನ್ನೂ ಓಡಾಡುತ್ತಿದೆಯಂತೆ. ಅವರು ಹಳಿಯ ಆಚೆಗೆ ಎಂದಾದರೂ ಹೋದರೋ ಇಲ್ಲವೋ ನಾನು ಕೇಳಿಲ್ಲ. ಅವರು ಕೇಳಿದ ಪ್ರಶ್ನೆಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.